ಮಾನೊಗ್ರಾಮ್ ರೆಫ್ರಿಜರೇಟರ್ ಮತ್ತು ಜಿಇಯ ಫಾಸ್ಟ್‌ವರ್ಕ್ಸ್: ಒಂದು ಪ್ರಕರಣ ಅಧ್ಯಯನ

2013ರ ಜನವರಿಯಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್, ಅಂದರೆ ಜಿಇ ಕಂಪನಿಯ ಗೃಹೋಪಕರಣ ವಿಭಾಗದ ಮುಖ್ಯಸ್ಥ ಚಿಪ್ ಬ್ಲಾಂಕೆನ್‌ಶಿಪ್ ಅವರು ಆಗಷ್ಟೇ ರಚನೆಯಾಗಿದ್ದ ತಂಡವೊಂದಕ್ಕೆ ಹೊಸ ರೆಫ್ರಿಜರೇಟರ್ ರೂಪಿಸುವ ಕೆಲಸ ಒಪ್ಪಿಸಿದರು. ದಶಕಗಳಿಂದ ರೆಫ್ರಿಜರೇಟರ್ ತಯಾರಿಸುತ್ತಲೇ ಬಂದಿದ್ದ ವಿಭಾಗಕ್ಕೆ ಕೆಲಸ ಹೊಸದಲ್ಲ, ಹೊಸದಾಗಿದ್ದದ್ದು ಷರತ್ತುಗಳು. ಗ್ರಾಹಕರ ಕಣ್ಣಿಗೆ ಬೀಳುವ ಒಂದೊಂದು ಭಾಗವೂ ಬದಲಾಗಬೇಕು, ಹಣ ಹೆಚ್ಚು ಸಿಗದು, ತಂಡ ತೀರ ಚಿಕ್ಕದಾಗಿರುತ್ತದೆ, ಮೂರು ತಿಂಗಳೊಳಗೆ ಕೆಲಸ ಮಾಡುವ ಮಾದರಿ ಸಿದ್ಧವಿರಬೇಕು, ಹನ್ನೊಂದು ಹನ್ನೆರಡು ತಿಂಗಳೊಳಗೆ ತಯಾರಿಕೆಗೆ ಹೋಗುವ ಉತ್ಪನ್ನ ಕೈಯಲ್ಲಿರಬೇಕು. ಅದು ಕಂಪನಿಯ ದುಬಾರಿ ಮಾನೊಗ್ರಾಮ್ ಬ್ರ್ಯಾಂಡಿನ, ಎರಡು ಬಾಗಿಲುಗಳು ಇಬ್ಬದಿಗೆ ತೆರೆದುಕೊಳ್ಳುವ ಫ್ರೆಂಚ್ ಡೋರ್ ಮಾದರಿ. ಇಂತಹ ಉತ್ಪನ್ನವನ್ನು ಬುಡದಿಂದ ಬದಲಿಸಲು ವರ್ಷಗಳೇ ಹಿಡಿಯುತ್ತಿದ್ದ ಜಾಗದಲ್ಲಿ ಈ ಗಡುವು ಹುಡುಗಾಟದಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಸ್ಟಾರ್ಟಪ್ ಜಗತ್ತಿನಲ್ಲಿ ಹುಟ್ಟಿದ, ಸಣ್ಣ ಪ್ರಯೋಗಗಳಿಂದ ಗ್ರಾಹಕರ ಮನಸ್ಸು ತಿಳಿದು ಮುಂದುವರಿಯುವ ಲೀನ್ ಪದ್ಧತಿಯನ್ನೂ (ಜಿಇಯಲ್ಲಿ ಅದರ ಹೆಸರು ಫಾಸ್ಟ್‌ವರ್ಕ್ಸ್) ಬಳಕೆದಾರರ ಅನುಭವವನ್ನು ಕೇಂದ್ರದಲ್ಲಿಡುವ ವಿನ್ಯಾಸಕ್ರಮವನ್ನೂ ದೊಡ್ಡ ಕಂಪನಿಗಳು ಅಳವಡಿಸಿಕೊಳ್ಳಬಹುದೇ ಎಂಬ ಚರ್ಚೆಯಲ್ಲಿ ಈ ರೆಫ್ರಿಜರೇಟರ್ ಉದಾಹರಣೆಯಾಗಿ ಮತ್ತೆ ಮತ್ತೆ ಬರುತ್ತದೆ. ಸಾಮಾನ್ಯವಾಗಿ ಅದನ್ನು ಯಶಸ್ಸಿನ ಕಥೆಯಾಗಿ ಹೇಳಿ, ಮಾರಾಟದ ಅಂಕಿಯೊಂದಿಗೆ ಮುಗಿಸುತ್ತಾರೆ. ಅಷ್ಟಕ್ಕೇ ನಿಲ್ಲಿಸಿದರೆ ಪ್ರಕರಣದ ಅರ್ಧವನ್ನು ಮಾತ್ರ ಓದಿದಂತಾಗುತ್ತದೆ. ತಂಡದ ಮಟ್ಟದಲ್ಲಿ ಪದ್ಧತಿ ಬಹುಮಟ್ಟಿಗೆ ಹೇಳಿದಂತೆಯೇ ಕೆಲಸ ಮಾಡಿತು. ತೊಡಕು ಬಂದದ್ದು ತಂಡದ ಸುತ್ತ ಇದ್ದ ಪೂರೈಕೆ, ಹಣಕಾಸು, ನೌಕರರ ಮೌಲ್ಯಮಾಪನ ಎಂಬ ವ್ಯವಸ್ಥೆಗಳಿಂದ. ಅವನ್ನೂ ಜಿಇ ಒಂದಿಷ್ಟು ತಿದ್ದಿತು. ಆದರೆ ಪುರಾವೆ ಕೊಟ್ಟು ಹಣ ಪಡೆಯಬೇಕೆಂಬ ಶಿಸ್ತು ಕೆಳಗಿನ ತಂಡಗಳಿಗೆ ಬಂದಷ್ಟು ಬಿಗಿಯಾಗಿ ಮೇಲಿನ ದೊಡ್ಡ ನಿರ್ಧಾರಗಳಿಗೆ ಬರಲಿಲ್ಲ ಎಂಬುದು ಈ ಬರಹದ ತೀರ್ಮಾನ.

ಹಿನ್ನೆಲೆ

ಆ ಹೊತ್ತಿಗೆ ಜಿಇಯಲ್ಲಿ ಸುಮಾರು 3 ಲಕ್ಷ ಮಂದಿ ಕೆಲಸ ಮಾಡುತ್ತಿದ್ದರು. ವಿಮಾನದ ಎಂಜಿನ್, ವಿದ್ಯುತ್ ಟರ್ಬೈನ್, ಸ್ಕ್ಯಾನಿಂಗ್ ಯಂತ್ರ, ರೈಲು ಎಂಜಿನ್, ಬಟ್ಟೆ ಒಗೆಯುವ ಯಂತ್ರ, ಇವೆಲ್ಲದರ ಜೊತೆಗೆ ದೊಡ್ಡದೊಂದು ಹಣಕಾಸು ವ್ಯವಹಾರ ಒಂದೇ ಸೂರಿನಡಿ ಇದ್ದವು. ಕಂಪನಿಯ ಕೆಲಸದ ಸಂಸ್ಕೃತಿಯನ್ನು ರೂಪಿಸಿದ್ದು ಮುಖ್ಯವಾಗಿ ಹಿಂದಿನ ಮುಖ್ಯಸ್ಥ ಜ್ಯಾಕ್ ವೆಲ್ಚ್ ಅವರ ಕಾಲದ ಎರಡು ಪದ್ಧತಿಗಳು. ಒಂದು, 1995ರಲ್ಲಿ ಕಂಪನಿಯುದ್ದಕ್ಕೂ ಜಾರಿಗೆ ಬಂದ ಸಿಕ್ಸ್ ಸಿಗ್ಮಾ. ಹತ್ತು ಲಕ್ಷ ಅವಕಾಶಗಳಲ್ಲಿ ದೋಷಗಳು 3.4ಕ್ಕಿಂತ ಹೆಚ್ಚಿರಬಾರದು ಎಂಬುದು ಅದರ ಗುರಿ. ಇನ್ನೊಂದು, ನೌಕರರನ್ನು ಪ್ರತಿ ವರ್ಷ ಮೇಲಿನ ಶೇ 20, ನಡುವಿನ ಶೇ 70, ಕೆಳಗಿನ ಶೇ 10 ಎಂದು ವಿಂಗಡಿಸಿ, ಕೆಳಗಿನವರನ್ನು ಹೊರಗೆ ಕಳಿಸುವ ಕ್ರಮ. ಏನು ತಯಾರಿಸಬೇಕೆಂಬುದು ಗೊತ್ತಿದ್ದು, ಅದನ್ನು ಲೋಪವಿಲ್ಲದೆ ತಯಾರಿಸುವುದಷ್ಟೇ ಬಾಕಿಯಿರುವಾಗ ಸಿಕ್ಸ್ ಸಿಗ್ಮಾ ಬಹಳ ಒಳ್ಳೆಯ ಸಾಧನ. ಏನು ತಯಾರಿಸಬೇಕೆಂಬುದೇ ಗೊತ್ತಿಲ್ಲದಿದ್ದಾಗ, ಪ್ರಯೋಗದಲ್ಲಿ ಸಹಜವಾಗಿ ಬರುವ ಸೋಲನ್ನೂ ಅದು ದೋಷದ ಲೆಕ್ಕಕ್ಕೇ ಹಾಕುತ್ತದೆ. ಸೋಲು ದೋಷವಾಗಿ, ದೋಷ ವರ್ಷದ ಕೊನೆಯ ವರದಿಗೆ ಸೇರುವುದಾದರೆ ಯಾವ ಎಂಜಿನಿಯರ್ ತಾನೇ ಅರೆಬೆಂದ ಮಾದರಿಯನ್ನು ಗ್ರಾಹಕರ ಮುಂದಿಡಲು ಮುಂದೆ ಬರುತ್ತಾನೆ?

ಗೃಹೋಪಕರಣ ವಿಭಾಗಕ್ಕೆ ಅದರದೇ ಆದ ಇತಿಹಾಸವಿತ್ತು. ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ 1950ರ ದಶಕದಲ್ಲಿ ಕಟ್ಟಿದ ಅಪ್ಲಯನ್ಸ್ ಪಾರ್ಕ್ ಎಂಬ ವಿಶಾಲ ಕಾರ್ಖಾನೆ ಸಮುಚ್ಚಯದಲ್ಲಿ 1970ರ ದಶಕದ ಉಚ್ಛ್ರಾಯದ ಕಾಲದಲ್ಲಿ 20 ಸಾವಿರಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದರು. ಬಳಿಕ ಅದು ಸೊರಗುತ್ತ ಬಂತು. 2008ರಲ್ಲಿ ಜಿಇ ಇಡೀ ವಿಭಾಗವನ್ನೇ ಮಾರಲು ಹೊರಟು, ಆರ್ಥಿಕ ಕುಸಿತದ ಆ ವರ್ಷ ಕೊಳ್ಳುವವರು ಸಿಗದೆ ಕೈಬಿಟ್ಟಿತು. ಮಾರಲಾಗದ ವಿಭಾಗದಲ್ಲಿ ನಂತರದ ವರ್ಷಗಳಲ್ಲಿ ಸುಮಾರು 100 ಕೋಟಿ ಡಾಲರ್ ಹೂಡಲು ಕಂಪನಿ ತೀರ್ಮಾನಿಸಿತು.

ಆ ಹೂಡಿಕೆಯ ಮೊದಲ ಫಲಗಳಲ್ಲಿ ಒಂದಾದ ಜಿಯೋಸ್ಪ್ರಿಂಗ್ ಎಂಬ ವಾಟರ್ ಹೀಟರ್‌ನ ಕಥೆ ಇಲ್ಲಿ ಪ್ರಸ್ತುತ. ಚೀನಾದಲ್ಲಿ ತಯಾರಾಗುತ್ತಿದ್ದ ಅದನ್ನು 2012ರಲ್ಲಿ ಲೂಯಿವಿಲ್‌ಗೆ ತರುವ ಮೊದಲು ವಿನ್ಯಾಸಕರು, ಎಂಜಿನಿಯರುಗಳು, ಜೋಡಣೆ ಮಾಡುವ ಕಾರ್ಮಿಕರು ಒಟ್ಟಿಗೆ ಕುಳಿತು ಮತ್ತೆ ವಿನ್ಯಾಸಗೊಳಿಸಿದರು. ಸಾಮಗ್ರಿಯ ವೆಚ್ಚ ಶೇ 25ರಷ್ಟು ತಗ್ಗಿತು, ಜೋಡಣೆಗೆ ಬೇಕಾಗುತ್ತಿದ್ದ ಶ್ರಮದ ಅವಧಿ 10 ಗಂಟೆಯಿಂದ 2 ಗಂಟೆಗೆ ಇಳಿಯಿತು, ಬೆಲೆ 1,599 ಡಾಲರಿನಿಂದ 1,299 ಡಾಲರಿಗೆ ಬಂತು. ತಯಾರಿಕೆಯ ದೃಷ್ಟಿಯಿಂದ ಹೆಸರಿಡಲು ಜಾಗವಿಲ್ಲದ ಕೆಲಸ. ಹಾಗಿದ್ದೂ ಮಾರಾಟ ನಿರೀಕ್ಷೆಯ ಮಟ್ಟ ಮುಟ್ಟದೆ 2016ರ ಕೊನೆಗೆ ಅದರ ಉತ್ಪಾದನೆಯನ್ನೇ ನಿಲ್ಲಿಸಲಾಯಿತು. ಅಂದರೆ ಬ್ಲಾಂಕೆನ್‌ಶಿಪ್ ತಂಡವನ್ನು ಕರೆದ ಹೊತ್ತಿಗೆ ಪೋಲು ತಪ್ಪಿಸಿ ತಯಾರಿಸುವ ವಿದ್ಯೆ ಲೂಯಿವಿಲ್‌ಗೆ ಆಗಲೇ ಕರಗತವಾಗಿತ್ತು. ಜನರಿಗೆ ಬೇಕಾದದ್ದು ಯಾವುದೆಂದು ತಯಾರಿಸುವ ಮೊದಲೇ ತಿಳಿದುಕೊಳ್ಳುವ ವಿದ್ಯೆ ಇನ್ನೂ ಬರಬೇಕಿತ್ತು.

ಫಾಸ್ಟ್‌ವರ್ಕ್ಸ್ ಹುಟ್ಟಿದ ಬಗೆ

ಆ ವಿದ್ಯೆಯನ್ನು ಕಂಪನಿಯೊಳಗೆ ತಂದದ್ದು ಆಗಿನ ಮುಖ್ಯ ಕಾರ್ಯನಿರ್ವಾಹಕ ಜೆಫ್ ಇಮ್ಮೆಲ್ಟ್ ಮತ್ತು ಮಾರ್ಕೆಟಿಂಗ್ ಮುಖ್ಯಸ್ಥೆ ಬೆತ್ ಕಾಮ್‌ಸ್ಟಾಕ್. ಲೀನ್ ಸ್ಟಾರ್ಟಪ್ ವಿಚಾರವನ್ನು ಜನಪ್ರಿಯಗೊಳಿಸಿದ ಎರಿಕ್ ರೀಸ್ ಅವರನ್ನು 2012ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ರೋಟನ್‌ವಿಲ್‌ನಲ್ಲಿದ್ದ ಜಿಇ ತರಬೇತಿ ಕೇಂದ್ರಕ್ಕೆ ಕರೆಸಲಾಯಿತು. ಅಲ್ಲಿ ಪರೀಕ್ಷೆಗೆ ಇಟ್ಟದ್ದು ಯಾವುದೋ ಮೊಬೈಲ್ ಆ್ಯಪನ್ನಲ್ಲ. ಸೀರೀಸ್ ಎಕ್ಸ್ ಎಂಬ ಭಾರಿ ಡೀಸೆಲ್ ಎಂಜಿನ್ ಯೋಜನೆಯನ್ನು. ಹಡಗು, ರೈಲು, ವಿದ್ಯುತ್ ಉತ್ಪಾದನೆ, ತೈಲ ಬಾವಿ ಹೀಗೆ ಐದು ಬಳಕೆಗಳಿಗೆ ಒಂದೇ ಎಂಜಿನ್ ಎಂಬುದು ಆಲೋಚನೆ. ಮಾರುಕಟ್ಟೆಗೆ ಬರಲು ಐದು ವರ್ಷ. ತಂಡದ ಸ್ಲೈಡ್‌ಗಳಲ್ಲಿ ದಶಕಗಳಾಚೆಯವರೆಗೂ ಏರುತ್ತಲೇ ಹೋಗುವ ಆದಾಯದ ನಕ್ಷೆಯಿತ್ತು. ಈ ಅಂದಾಜನ್ನು ನಿಜವಾಗಿಯೂ ನಂಬುವವರು ಯಾರಿದ್ದೀರಿ ಎಂಬ ಪ್ರಶ್ನೆ ಬಂದಾಗ ಕೋಣೆಯಲ್ಲಿ ಉತ್ತರವಿರಲಿಲ್ಲ.

ಐದೂ ಬಳಕೆಗಳನ್ನು ಒಮ್ಮೆಗೇ ಸಾಧಿಸಲು ಹೋಗದೆ ಒಂದನ್ನು ಆರಿಸಿಕೊಂಡು, ಈಗಾಗಲೇ ತಯಾರಾಗುತ್ತಿರುವ ಎಂಜಿನ್ ಒಂದನ್ನು ಮಾರ್ಪಡಿಸಿ, ಗ್ರಾಹಕರು ಕೊಳ್ಳುತ್ತಾರೋ ಇಲ್ಲವೋ ನೋಡೋಣ ಎಂಬಲ್ಲಿಗೆ ಆ ಚರ್ಚೆ ಬಂದು ಮುಟ್ಟಿತು. ವರ್ಷಗಳ ಲೆಕ್ಕ ತಿಂಗಳಿಗೆ ಇಳಿಯಿತು, ಐದು ಎಂಜಿನ್‌ಗಳಿಗೆ ಗ್ರಾಹಕರೊಬ್ಬರಿಂದ ಬೇಡಿಕೆಯೂ ಬಂತು. ಲೀನ್ ಪದ್ಧತಿ ಸಾಫ್ಟ್‌ವೇರ್‌ಗೆ ಮಾತ್ರ ಸರಿ, ಲೋಹ ಕರಗಿಸುವವರಿಗಲ್ಲ ಎಂಬ ಆಕ್ಷೇಪಕ್ಕೆ ಕಂಪನಿಯೊಳಗೆ ಸಿಕ್ಕ ಮೊದಲ ಉತ್ತರ ಅದು. ಫಾಸ್ಟ್‌ವರ್ಕ್ಸ್ ಎಂಬ ಹೆಸರಿನಲ್ಲಿ ಕಾರ್ಯಕ್ರಮ ಹರಡಿತು. ಮೊದಲು ಸುಮಾರು 1,000 ಹಿರಿಯ ಅಧಿಕಾರಿಗಳಿಗೆ ಪರಿಚಯ, ಆಮೇಲೆ 80 ಒಳ ತರಬೇತುದಾರರು, 2014ರ ಹೊತ್ತಿಗೆ ನೂರಕ್ಕೂ ಹೆಚ್ಚು ಯೋಜನೆಗಳು ಮತ್ತು ಸುಮಾರು 40,000 ಮಂದಿಗೆ ತರಬೇತಿ. ಬೇರೆ ಕಂಪನಿಗಳಲ್ಲಿ ಇಂತಹ ಕಾರ್ಯಕ್ರಮಗಳು ಮುಖ್ಯ ಕಚೇರಿಯಿಂದ ದೂರದ ಇನೊವೇಶನ್ ಲ್ಯಾಬ್ ಒಂದರ ಬಣ್ಣದ ಕುರ್ಚಿಗಳಲ್ಲೇ ಮುಗಿದುಹೋಗುವುದನ್ನು ನೋಡಿದವರಿಗೆ, ಜಿಇ ಇದನ್ನು ನಡೆಯುತ್ತಿರುವ ವ್ಯವಹಾರಗಳ ನಡುವೆಯೇ ಇಟ್ಟದ್ದು ಸಣ್ಣ ಸಂಗತಿಯಲ್ಲವೆಂದು ಗೊತ್ತಿರುತ್ತದೆ.

ರೆಫ್ರಿಜರೇಟರ್ ತಂಡ ಎದುರಿಸಿದ್ದು

ಗಡುವಿಗಿಂತ ಮೊದಲು ತಂಡ ಎದುರಿಸಿದ ಅಡ್ಡಿ ಗ್ರಾಹಕರನ್ನು ಭೇಟಿಯಾಗುವುದು. ಕೇಳಲು ವಿಚಿತ್ರವೆನಿಸಬಹುದು. ದೊಡ್ಡ ತಯಾರಿಕಾ ಕಂಪನಿಯಲ್ಲಿ ಎಂಜಿನಿಯರ್ ಮತ್ತು ಗ್ರಾಹಕರ ನಡುವೆ ಮಾರುಕಟ್ಟೆ ಸಂಶೋಧನೆ, ಮಾರಾಟ, ವಿತರಕ, ಅಂಗಡಿ ಎಂಬ ಪದರಗಳಿರುತ್ತವೆ. ಪ್ರತಿಯೊಂದು ಪದರವೂ ತನ್ನ ಕೆಲಸವನ್ನು ಕಾಪಾಡಿಕೊಳ್ಳುತ್ತದೆ. ಇನ್ನೂ ಬಿಡುಗಡೆಯಾಗದ ಉತ್ಪನ್ನವನ್ನು ಹೊರಗಿನವರಿಗೆ ತೋರಿಸಿದರೆ ಪ್ರತಿಸ್ಪರ್ಧಿಗಳಿಗೆ ಸುಳಿವು ಸಿಗುತ್ತದೆ, ಈಗಿನ ಮಾದರಿಯ ಮಾರಾಟ ಬೀಳುತ್ತದೆ, ಅರೆಬರೆ ವಸ್ತುವನ್ನು ಕಂಡವರು ಬ್ರ್ಯಾಂಡಿನ ಬಗ್ಗೆ ಹಗುರವಾಗಿ ಮಾತಾಡುತ್ತಾರೆ ಎಂಬ ಭಯಗಳು ಎಲ್ಲ ಕಡೆಯೂ ಇರುತ್ತವೆ. ಮಾನೊಗ್ರಾಮ್‌ನಂತಹ ಐಷಾರಾಮಿ ಬ್ರ್ಯಾಂಡಿನ ವಿಷಯದಲ್ಲಿ ಇವು ಪೊಳ್ಳು ಭಯಗಳೂ ಅಲ್ಲ. ತಂಡ ಇದನ್ನು ಹಾದುಹೋಗಬೇಕಾಯಿತು.

ಗ್ರಾಹಕರು ಕೊನೆಗೆ ಹೇಳಿದ್ದೇನು ಎಂಬುದು ಈ ಪ್ರಕರಣದ ಅತ್ಯಂತ ಬೆಲೆಬಾಳುವ ಭಾಗ. ಮೊದಲ ಆವೃತ್ತಿ ನೋಡಿದವರು ಅದರ ಸ್ಟೇನ್‌ಲೆಸ್ ಸ್ಟೀಲ್ ತೀರ ಕಪ್ಪಾಗಿದೆ ಎಂದರು. ತಂಪಾಗಿಸುವ ವೇಗದ ಬಗ್ಗೆಯಲ್ಲ, ಒಳಗಿನ ಜಾಗದ ಬಗ್ಗೆಯಲ್ಲ. ಲೋಹದ ಛಾಯೆಯ ಬಗ್ಗೆ. ಅಡುಗೆಮನೆಯಲ್ಲಿ ಈ ರೆಫ್ರಿಜರೇಟರ್ ಒಂಟಿಯಾಗಿ ನಿಲ್ಲುವುದಿಲ್ಲ, ಅದರ ಪಕ್ಕದಲ್ಲಿ ಒಲೆ, ಓವನ್, ಪಾತ್ರೆ ತೊಳೆಯುವ ಯಂತ್ರಗಳೂ ಉಕ್ಕಿನವೇ ಇರುತ್ತವೆ, ಅವುಗಳ ನಡುವೆ ಒಂದು ಮಾತ್ರ ಮಬ್ಬಾಗಿ ಕಂಡರೆ ಸಾವಿರಾರು ಡಾಲರ್ ಕೊಟ್ಟವರಿಗೆ ಅದು ಕಣ್ಣಿಗೆ ಚುಚ್ಚುತ್ತದೆ ಎಂದು ವಿವರಿಸುವುದು ಈಗ ಸುಲಭ. ಆದರೆ ಅವಶ್ಯಕತೆಗಳ ಪಟ್ಟಿಯಲ್ಲಿ ಉಕ್ಕಿನ ದರ್ಜೆ ಬರೆದಿರುತ್ತದೆಯೇ ಹೊರತು, ಪಕ್ಕದ ಯಂತ್ರದ ಜೊತೆ ಅದು ಹೇಗೆ ಕಾಣಬೇಕೆಂಬುದು ಬರೆದಿರುವುದು ಅಪರೂಪ. ತಂಡ ಛಾಯೆಯನ್ನು ಬದಲಿಸಿತು. ಹೊಸ ಆವೃತ್ತಿಯ ಉಕ್ಕು ಗ್ರಾಹಕರಿಗೆ ಹಿಡಿಸಿತು. ಆಗ ಅವರ ಗಮನ ಒಳಗಿನ ಬೆಳಕಿನ ಕಡೆಗೆ ಹೋಯಿತು, ಅದು ಸರಿಯಿಲ್ಲ ಎಂದರು. ಬೆಳಕನ್ನೂ ಬದಲಿಸಲಾಯಿತು.

ಈ ಎರಡು ದೂರುಗಳು ಬಂದ ಅನುಕ್ರಮದಲ್ಲೇ ಒಂದು ಪಾಠವಿದೆ. ಬೆಳಕಿನ ದೋಷ ಮೊದಲ ಆವೃತ್ತಿಯಲ್ಲೂ ಇದ್ದಿರಬಹುದು, ಆದರೆ ಬಾಗಿಲಿನ ಬಣ್ಣವೇ ಒಪ್ಪಿಗೆಯಾಗದವರು ಬಾಗಿಲು ತೆರೆದು ಒಳಗಿನ ಬೆಳಕನ್ನು ಎಷ್ಟು ಗಮನಿಸಿಯಾರು? ಒಂದೇ ಸುತ್ತಿನ ಸಮೀಕ್ಷೆಯಲ್ಲಿ, ಎಷ್ಟೇ ದೊಡ್ಡ ಸಮೀಕ್ಷೆಯಾದರೂ, ಎರಡನೆಯ ದೂರು ಮೇಲೆ ಬರುವ ಸಂಭವ ಕಡಿಮೆ. ಬಳಕೆದಾರರ ಅನುಭವದ ಅಧ್ಯಯನವನ್ನು ಯೋಜನೆಯ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಮಾಡಿ ಮುಗಿಸುವ ದೊಡ್ಡ ಕಂಪನಿಗಳ ವಾಡಿಕೆ ಎಡವುವುದು ಇಲ್ಲಿಯೇ. ತಿಂಗಳುಗಳ ಅಂತರದಲ್ಲಿ ಹೊಸ ಆವೃತ್ತಿ ತಂದು ಮತ್ತೆ ತೋರಿಸುವ ಶಕ್ತಿಯಿದ್ದಾಗ ಮಾತ್ರ ಗ್ರಾಹಕರ ಮಾತು ಒಂದರ ಹಿಂದೊಂದಾಗಿ ಬಿಚ್ಚಿಕೊಳ್ಳುತ್ತದೆ.

ಆ ಶಕ್ತಿ ಬರಬೇಕಾದರೆ ಸಣ್ಣ ಪ್ರಮಾಣದಲ್ಲಿ ತಯಾರಿಸಲು ಬರಬೇಕು, ಅದೇ ಮುಂದಿನ ಅಡ್ಡಿ. ಜಿಇಗೆ ಬಿಡಿಭಾಗ ಪೂರೈಸುವವರು ಸಾವಿರ, ಲಕ್ಷದ ಲೆಕ್ಕದಲ್ಲಿ ಆರ್ಡರ್ ಪಡೆದು ಅಭ್ಯಾಸವಾದವರು. ಬಾಗಿಲಿನ ಲೋಹದ ಹಾಳೆಯನ್ನು ಒತ್ತುವ ಗಟ್ಟಿ ಅಚ್ಚನ್ನು ಮಾಡಿಸಲು ತಿಂಗಳುಗಳು ಹಿಡಿಯುತ್ತವೆ, ವೆಚ್ಚವೂ ದೊಡ್ಡದು; ಅಚ್ಚು ಒಮ್ಮೆ ಸಿದ್ಧವಾದ ಮೇಲೆ ಬಾಗಿಲಿನ ಆಕಾರ ಬದಲಿಸುವ ಮಾತೆತ್ತಲು ಯಾರಿಗೂ ಮನಸ್ಸಿರುವುದಿಲ್ಲ. ಹತ್ತಾರು ತುಂಡುಗಳನ್ನು ತಾತ್ಕಾಲಿಕ ಅಚ್ಚಿನಲ್ಲಿ ಅಥವಾ ಕೈಯಿಂದ ಮಾಡಿಸಿದರೆ ಒಂದೊಂದರ ಬೆಲೆ ಅನೇಕ ಪಟ್ಟು ಹೆಚ್ಚಾಗುತ್ತದೆ. ಖರೀದಿ ವಿಭಾಗದ ಯಶಸ್ಸನ್ನು ಅಳೆಯುವುದೇ ಪ್ರತಿ ತುಂಡಿನ ಬೆಲೆ ಇಳಿಸುವುದರಿಂದ. ಹೀಗಾಗಿ ಇಡೀ ಯೋಜನೆಯ ದೃಷ್ಟಿಯಿಂದ ಅಗ್ಗವಾದ ದಾರಿ ಖರೀದಿ ವಿಭಾಗದ ಲೆಕ್ಕದಲ್ಲಿ ದುಬಾರಿಯಾಗಿ ಕಾಣುತ್ತದೆ. ಲೀನ್ ಸ್ಟಾರ್ಟಪ್ ಕುರಿತ ತರಬೇತಿಗಳಲ್ಲಿ ಖರೀದಿ ವಿಭಾಗದ ಪ್ರಸ್ತಾಪವೇ ಬಾರದಿರುವುದು ನನಗೆ ಯಾವಾಗಲೂ ಸೋಜಿಗ. ಭೌತಿಕ ವಸ್ತು ತಯಾರಿಸುವ ಕಂಪನಿಯಲ್ಲಿ ಪ್ರಯೋಗದ ವೇಗವನ್ನು ನಿರ್ಧರಿಸುವುದು ಬಹುತೇಕ ಅದೇ.

ಕನಿಷ್ಠ ಮಟ್ಟದ ಉತ್ಪನ್ನದೊಂದಿಗೆ ಮಾರುಕಟ್ಟೆಗೆ ಇಳಿಯಬೇಕೆಂಬ ಎಂವಿಪಿ ಸೂತ್ರಕ್ಕೂ ಇಲ್ಲಿ ಒಂದು ಗೆರೆಯಿತ್ತು. ವಿದ್ಯುತ್ ಸುರಕ್ಷತೆಯ ಪ್ರಮಾಣೀಕರಣದಲ್ಲಾಗಲಿ, ಅಮೆರಿಕದ ಇಂಧನ ಇಲಾಖೆಯ ದಕ್ಷತಾ ನಿಯಮದಲ್ಲಾಗಲಿ ಕನಿಷ್ಠ ಎಂಬ ರಿಯಾಯಿತಿ ಇಲ್ಲ. ಅದರಲ್ಲೂ ರೆಫ್ರಿಜರೇಟರ್‌ಗಳಿಗೆ ಹೆಚ್ಚು ಬಿಗಿಯಾದ ಹೊಸ ದಕ್ಷತಾ ನಿಯಮ 2014ರ ಸೆಪ್ಟೆಂಬರ್‌ನಿಂದ ಜಾರಿಗೆ ಬರುವುದಿತ್ತು. ಹಾಗಾಗಿ ಪ್ರಯೋಗ ನಡೆಯಬಹುದಾದದ್ದು ಗ್ರಾಹಕರ ಕಣ್ಣಿಗೆ, ಕೈಗೆ ಸಿಗುವ ಭಾಗಗಳಲ್ಲಿ. ಬ್ಲಾಂಕೆನ್‌ಶಿಪ್ ಅವರ ಮೊದಲ ಷರತ್ತು ಅದನ್ನೇ ಹೇಳುತ್ತದೆ ಎಂಬುದನ್ನು ಗಮನಿಸಬೇಕು. ಅನಿಶ್ಚಿತತೆ ಇದ್ದದ್ದು ಕಂಪ್ರೆಸರ್‌ನಲ್ಲಿ ಅಲ್ಲ, ಜನ ಏನನ್ನು ಮೆಚ್ಚುತ್ತಾರೆ ಎಂಬುದರಲ್ಲಿ.

ಮಾರಾಟ ವಿಭಾಗವನ್ನು ಬೇಗನೆ ಜೊತೆಗೆ ಸೇರಿಸಿಕೊಂಡದ್ದು ಫಲ ಕೊಟ್ಟಿತು. ಸಾಮಾನ್ಯವಾಗಿ ಉತ್ಪನ್ನ ಮುಗಿದ ಮೇಲೆ ಮಾರಾಟಗಾರರ ಕೈಗೆ ಬರುತ್ತದೆ, ಅವರು ಅದರಲ್ಲಿರುವ ಕೊರತೆಗಳನ್ನು ಆಗ ಎತ್ತಿ ತೋರಿಸುತ್ತಾರೆ. ಇಲ್ಲಿ ಆ ಕೊರತೆಗಳು ತಿದ್ದಬಹುದಾದ ಹಂತದಲ್ಲೇ ಕೇಳಿಬಂದವು.

ಫಲಿತಾಂಶ: ಕಂಪನಿ 2014ರಲ್ಲಿ ಹೇಳಿಕೊಂಡಂತೆ, ಯೋಜನೆಯ ವೆಚ್ಚ ವಾಡಿಕೆಯ ಅರ್ಧ, ವೇಗ ಎರಡು ಪಟ್ಟು, ಮಾರಾಟದ ಗತಿ ಸಾಮಾನ್ಯಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಈ ಅಂಕಿಗಳನ್ನು ಉಲ್ಲೇಖಿಸುವವರು ಮೂರು ವಿಷಯಗಳನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಇವು ಕಂಪನಿಯದೇ ಲೆಕ್ಕ. ಹೋಲಿಕೆಗೆ ಇಟ್ಟುಕೊಂಡದ್ದು ತನ್ನದೇ ಹಿಂದಿನ ಸರಾಸರಿ. ಮತ್ತು ವಿಭಾಗದ ಮುಖ್ಯಸ್ಥರೇ ಬೆನ್ನಿಗೆ ನಿಂತ, ಆರಿಸಿ ತೆಗೆದ ತಂಡವೊಂದು ಸರಾಸರಿ ತಂಡವಲ್ಲ. ಆದರೂ ದಿಕ್ಕು ಸ್ಪಷ್ಟವಾಗಿಯೇ ಇದೆ, ಅದನ್ನು ಸಂಶಯಿಸಲು ನನಗೆ ಕಾರಣ ಕಾಣುವುದಿಲ್ಲ.

ಹಣ ಹರಿಯುವ ದಾರಿ

ಜಿಇಯಂತಹ ಕಂಪನಿಯಲ್ಲಿ ಹೊಸ ಯೋಜನೆಗೆ ಹಣ ವರ್ಷಕ್ಕೊಮ್ಮೆ, ಬಜೆಟ್ ಕಾಲದಲ್ಲಿ ಮಂಜೂರಾಗುತ್ತದೆ. ಒಮ್ಮೆ ಮಂಜೂರಾದರೆ ಖರ್ಚು ಮಾಡಿ ಮುಗಿಸಲೇಬೇಕು, ಮಿಕ್ಕರೆ ಮುಂದಿನ ವರ್ಷ ಕಡಿತ. ಮಂಜೂರಾತಿ ಪಡೆಯಲು ಐದು ವರ್ಷಗಳ ಆದಾಯ, ಮಾರುಕಟ್ಟೆ ಪಾಲು, ಲಾಭದ ಪ್ರಮಾಣ ಎಲ್ಲವನ್ನೂ ದಶಮಾಂಶ ಸ್ಥಾನದವರೆಗೆ ಬರೆಯಬೇಕು. ಅಸ್ತಿತ್ವದಲ್ಲೇ ಇಲ್ಲದ ಉತ್ಪನ್ನಕ್ಕೆ ಇಂತಹ ಲೆಕ್ಕ ಬರೆಯುವಾಗ ಎಲ್ಲರೂ ಮಾಡುವುದು ಒಂದೇ: ಮೇಲಿನವರು ಒಪ್ಪುವ ಉತ್ತರ ಮೊದಲು, ಆ ಉತ್ತರ ಬರುವ ಹಾಗೆ ಊಹೆಗಳು ಆಮೇಲೆ.

ಫಾಸ್ಟ್‌ವರ್ಕ್ಸ್ ಇದಕ್ಕೆ ಬದಲಾಗಿ ಗ್ರೋತ್ ಬೋರ್ಡ್ ಎಂಬ ವ್ಯವಸ್ಥೆ ತಂದಿತು. ಸ್ಟಾರ್ಟಪ್‌ಗಳಿಗೆ ಹಣ ಹಾಕುವ ವೆಂಚರ್ ಕ್ಯಾಪಿಟಲ್ ಹೂಡಿಕೆದಾರರು ಮಾಡುವಂತೆ, ಸಣ್ಣ ಮೊತ್ತವನ್ನು ಕಂತಾಗಿ ಕೊಡುವುದು. ಮುಂದಿನ ಕಂತಿಗೆ ಬರುವ ತಂಡ ಎಷ್ಟು ಖರ್ಚು ಮಾಡಿದೆ ಎಂಬುದಕ್ಕಿಂತ ಏನು ತಿಳಿದುಕೊಂಡಿದೆ, ಯಾವ ಊಹೆ ನಿಜವಾಯಿತು, ಯಾವುದು ಸುಳ್ಳಾಯಿತು ಎಂಬುದನ್ನು ತೋರಿಸುವುದು. ಮುಂದುವರಿಸುವುದು, ದಿಕ್ಕು ಬದಲಿಸುವುದು, ನಿಲ್ಲಿಸುವುದು ಎಂಬ ಮೂರರಲ್ಲಿ ಒಂದು ತೀರ್ಮಾನ ಅಲ್ಲಿಯೇ ಆಗಬೇಕು. ಕಾಗದದ ಮೇಲೆ ಸರಳವಾದ ಈ ಕ್ರಮ ನಿಜಕ್ಕೂ ದೊಡ್ಡ ಬದಲಾವಣೆ. ಹಿರಿಯ ಅಧಿಕಾರಿ ಇಲ್ಲಿ ಉತ್ತರ ಬಲ್ಲವರಾಗಿ ಕುಳಿತುಕೊಳ್ಳುವಂತಿಲ್ಲ. ಪುರಾವೆ ಏನಿದೆ ಎಂದು ಕೇಳುವವರಾಗಿ ಕುಳಿತುಕೊಳ್ಳಬೇಕು. ಮೂವತ್ತು ವರ್ಷ ಉತ್ತರ ಹೇಳಿಯೇ ಮೇಲೆ ಬಂದವರಿಗೆ ಈ ಪಾತ್ರ ಎಷ್ಟು ಮುಜುಗರದ್ದೆಂದು ಊಹಿಸಬಹುದು. ಇನ್ನು ಯೋಜನೆಯನ್ನು ನಿಲ್ಲಿಸುವ ತೀರ್ಮಾನ. ಅದು ನಿಲ್ಲಿಸಿದವರ ಹೆಸರಿಗೆ ಕಳಂಕವಾಗದಂತೆ ನೋಡಿಕೊಂಡರೆ ಮಾತ್ರ ಈ ವ್ಯವಸ್ಥೆಗೆ ಅರ್ಥ.

ಮೌಲ್ಯಮಾಪನದ ಪ್ರಶ್ನೆ ಎದ್ದದ್ದು ಇಲ್ಲಿಂದಲೇ. ಗ್ರಾಹಕರೇ ನಮ್ಮ ಯಶಸ್ಸನ್ನು ನಿರ್ಧರಿಸುತ್ತಾರೆ, ಕಲಿತು ಹೊಂದಿಕೊಂಡು ಗೆಲ್ಲಬೇಕು ಎಂಬಂತಹ ಹೊಸ ನಂಬಿಕೆಗಳ ಪಟ್ಟಿಯನ್ನು ಕಂಪನಿ ಪ್ರಕಟಿಸಿತು. ಪಟ್ಟಿಗಳನ್ನು ಗೋಡೆಗೆ ಅಂಟಿಸುವುದು ಎಲ್ಲರಿಗೂ ಬರುತ್ತದೆ. ಜಿಇ ಅಷ್ಟಕ್ಕೆ ನಿಲ್ಲಲಿಲ್ಲ. ವರ್ಷಕ್ಕೊಮ್ಮೆ ದರ್ಜೆ ಕೊಡುವ ಪದ್ಧತಿಗೆ ಬದಲಾಗಿ, ವರ್ಷವಿಡೀ ಚಿಕ್ಕ ಚಿಕ್ಕ ಪ್ರತಿಕ್ರಿಯೆ ಹಂಚಿಕೊಳ್ಳುವ ಆ್ಯಪ್ ಆಧಾರಿತ ಕ್ರಮವನ್ನು ರೂಪಿಸಿ, 2016ರಲ್ಲಿ ಸಂಬಳದಾರ ನೌಕರರ ವಾರ್ಷಿಕ ದರ್ಜೆಯನ್ನೇ ಕೈಬಿಡುವುದಾಗಿ ಘೋಷಿಸಿತು. ಆ ದರ್ಜೆಯ ಪಟ್ಟಿಗೆ ತವರುಮನೆಯಂತಿದ್ದ ಕಂಪನಿಯೇ ಅದನ್ನು ಬಿಟ್ಟದ್ದು ಆಗ ದೊಡ್ಡ ಸುದ್ದಿಯಾಗಿತ್ತು. ಕಾಲದ ಲೆಕ್ಕ ಮಾತ್ರ ಗಮನಾರ್ಹ: ತಂಡಗಳಿಗೆ ಧೈರ್ಯವಾಗಿ ಪ್ರಯೋಗ ಮಾಡಿ ಎಂದದ್ದು 2013ರಲ್ಲಿ, ಪ್ರಯೋಗ ಸೋತವರನ್ನು ಕಾಯುವ ನಿಯಮ ಬಂದದ್ದು ಸುಮಾರು ಮೂರು ವರ್ಷಗಳ ನಂತರ.

ಲೂಯಿವಿಲ್‌ನಲ್ಲೇ ಇನ್ನೊಂದು ದಾರಿ

ಅದೇ ಗೃಹೋಪಕರಣ ವಿಭಾಗ 2014ರಲ್ಲಿ ಲೂಯಿವಿಲ್ ವಿಶ್ವವಿದ್ಯಾಲಯದ ಆವರಣದಲ್ಲಿ ಫಸ್ಟ್‌ಬಿಲ್ಡ್ ಎಂಬ ಸಣ್ಣ ಕಾರ್ಖಾನೆ ತೆರೆಯಿತು. ಹೊರಗಿನ ಹವ್ಯಾಸಿಗಳೂ ವಿದ್ಯಾರ್ಥಿಗಳೂ ವಿನ್ಯಾಸಕರೂ ಆಲೋಚನೆ ತರಬಹುದಾದ, ಕೆಲವೇ ತುಂಡುಗಳನ್ನು ತಯಾರಿಸಿ ನೋಡಬಹುದಾದ ಜಾಗ ಅದು. ಪೂರೈಕೆದಾರರನ್ನು ಒಪ್ಪಿಸುವ ಗೋಜೇ ಬೇಡ, ಸಣ್ಣ ಪ್ರಮಾಣದ ತಯಾರಿಕೆಯನ್ನು ನಮ್ಮ ಕೈಯಲ್ಲೇ ಇಟ್ಟುಕೊಳ್ಳೋಣ ಎಂಬ ಲೆಕ್ಕಾಚಾರ ಇದರ ಹಿಂದೆ ಕಾಣುತ್ತದೆ.

ಅಲ್ಲಿಂದ ಬಂದ ಓಪಲ್ ಎಂಬ ಮಂಜುಗಡ್ಡೆ ಯಂತ್ರ ಪ್ರಯೋಗದ ದೃಷ್ಟಿಯಿಂದ ರೆಫ್ರಿಜರೇಟರ್‌ಗಿಂತಲೂ ಶುದ್ಧವಾದ ಉದಾಹರಣೆ. ಅಮೆರಿಕದ ಕೆಲವು ಊಟದ ಮಳಿಗೆಗಳಲ್ಲಿ ಸಿಗುವ, ಅಗಿಯಲು ಬರುವ ಮೆದು ಮಂಜುಗಡ್ಡೆಯನ್ನು ಮನೆಯಲ್ಲೇ ಮಾಡಿಕೊಳ್ಳಲು ಜನ ನೂರಾರು ಡಾಲರ್ ಕೊಡುತ್ತಾರೆಯೇ? ಸಭೆಯಲ್ಲಿ ಕೇಳಿದರೆ ನಗುವಂತಹ ಪ್ರಶ್ನೆ. 2015ರಲ್ಲಿ ಇಂಡಿಗೋಗೋ ಎಂಬ ಕ್ರೌಡ್‌ಫಂಡಿಂಗ್ ತಾಣದಲ್ಲಿ ಯಂತ್ರವನ್ನು ಮುಂಗಡ ಬುಕಿಂಗ್‌ಗೆ ಇಟ್ಟಾಗ 25 ಲಕ್ಷ ಡಾಲರಿಗೂ ಹೆಚ್ಚು ಹಣ ಹರಿದುಬಂತು. ಸಮೀಕ್ಷೆಯಲ್ಲಿ ಚೆನ್ನಾಗಿದೆ ಎನ್ನುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಇನ್ನೂ ತಯಾರಾಗದ ವಸ್ತುವಿಗೆ ಕಾರ್ಡಿನ ಸಂಖ್ಯೆ ಕೊಡುವವರ ಮಾತಿನ ತೂಕವೇ ಬೇರೆ. ಜಿಇಯಷ್ಟು ದೊಡ್ಡ ಕಂಪನಿಗೆ ಕ್ರೌಡ್‌ಫಂಡಿಂಗ್ ಹಣ ಬೇಕೇ ಎಂದು ಆಗ ಕೆಲವರು ಕೊಂಕು ನುಡಿದರು. ಬೇಕಾಗಿದ್ದದ್ದು ಆ ಹಣವಲ್ಲ, ಅದು ಹೇಳುವ ಸಾಕ್ಷಿ.

ಲೂಯಿವಿಲ್‌ನ ಆಚೆ, ಸಾಫ್ಟ್‌ವೇರ್ ಕಡೆಯಲ್ಲಿ, 2011ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ರಾಮೋನ್‌ನಲ್ಲಿ ಆರಂಭವಾದ ಜಿಇಯ ಕೇಂದ್ರದಲ್ಲಿ ಬಳಕೆದಾರರ ಅನುಭವದ ವಿನ್ಯಾಸಕರ ತಂಡವೂ ಇತ್ತು. ಟರ್ಬೈನ್, ರೈಲು, ಆಸ್ಪತ್ರೆಯ ಯಂತ್ರಗಳ ತೆರೆಗಳು ಒಂದೇ ವಿನ್ಯಾಸ ಭಾಷೆಯಲ್ಲಿರಬೇಕೆಂದು ಸಾಮಾನ್ಯ ಘಟಕಗಳ ಸಂಗ್ರಹವನ್ನು ಅವರು ರೂಪಿಸಿದರು. ವಿನ್ಯಾಸಕರು ಕಡಿಮೆ, ಪ್ರೋಗ್ರಾಮರುಗಳು ಬಹಳ ಇರುವ ಕಂಪನಿಯಲ್ಲಿ ಇದು ವಿವೇಕದ ಆಯ್ಕೆ. ಆದರೆ ಘಟಕಗಳ ಸಂಗ್ರಹ ಗುಂಡಿ ಹೇಗಿರಬೇಕೆಂದು ಹೇಳುತ್ತದೆ. ನಿಯಂತ್ರಣ ಕೊಠಡಿಯಲ್ಲಿ ಕುಳಿತವರಿಗೆ ಆ ಗುಂಡಿ ಬೇಕೇ ಎಂದು ತಿಳಿಯಲು ಯಾರಾದರೂ ಅಲ್ಲಿಗೇ ಹೋಗಬೇಕು.

ಪಂಕ್ತಿಭೇದ

ಪ್ರಕರಣದ ಉಳಿದರ್ಧ ಈಗ ಬರುತ್ತದೆ. ರೆಫ್ರಿಜರೇಟರ್ ತಂಡವು ಉಕ್ಕಿನ ಛಾಯೆಗೂ ಪುರಾವೆ ಒದಗಿಸುತ್ತಿದ್ದ ವರ್ಷಗಳಲ್ಲೇ ಕಂಪನಿಯ ಮೇಲ್ತುದಿಯಲ್ಲಿ ಇನ್ನೂ ದೊಡ್ಡ ಪಣಗಳನ್ನು ಒಡ್ಡಲಾಗುತ್ತಿತ್ತು. 2014ರಲ್ಲಿ ಒಪ್ಪಂದವಾಗಿ 2015ರ ನವೆಂಬರ್‌ನಲ್ಲಿ ಮುಗಿದ ಫ್ರಾನ್ಸಿನ ಆಲ್‌ಸ್ಟಮ್ ಕಂಪನಿಯ ವಿದ್ಯುತ್ ವ್ಯವಹಾರದ ಖರೀದಿಗೆ ಸುಮಾರು 1,000 ಕೋಟಿ ಡಾಲರ್ ತಗಲಿತು. ಅನಿಲ ಆಧಾರಿತ ವಿದ್ಯುತ್ ಸ್ಥಾವರಗಳ ಬೇಡಿಕೆ ಗಟ್ಟಿಯಾಗಿ ಮುಂದುವರಿಯುತ್ತದೆ ಎಂಬ ಊಹೆಯ ಮೇಲೆ ಅದು ನಿಂತಿತ್ತು. ಬೇಡಿಕೆ ಕುಸಿಯಿತು. 2018ರಲ್ಲಿ ವಿದ್ಯುತ್ ವಿಭಾಗದ ಲೆಕ್ಕದಲ್ಲಿ ಸುಮಾರು 2,200 ಕೋಟಿ ಡಾಲರ್ ಮೌಲ್ಯವನ್ನು ಅಳಿಸಿಹಾಕಬೇಕಾಯಿತು, ಅದರಲ್ಲಿ ಬಹುಪಾಲು ಈ ಖರೀದಿಗೆ ಸಂಬಂಧಿಸಿದ್ದು. ಪ್ರೆಡಿಕ್ಸ್ ಎಂಬ ಕೈಗಾರಿಕಾ ಸಾಫ್ಟ್‌ವೇರ್ ವೇದಿಕೆಯ ಮೇಲೂ ಕಂಪನಿ ಅಪಾರ ಹಣ ಸುರಿಯಿತು. 2020ರೊಳಗೆ ಜಗತ್ತಿನ ಹತ್ತು ದೊಡ್ಡ ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಂದಾಗುವ ಗುರಿಯನ್ನು ಇಮ್ಮೆಲ್ಟ್ ಬಹಿರಂಗವಾಗಿ ಸಾರಿದ್ದರು. ಮೊದಲು ಒಂದು ಬಳಕೆ, ಒಬ್ಬ ಗ್ರಾಹಕ, ಆಮೇಲೆ ವಿಸ್ತರಣೆ ಎಂದು ಸೀರೀಸ್ ಎಕ್ಸ್ ತಂಡಕ್ಕೆ ಕಲಿಸಿದ ಕಂಪನಿ, ಎಲ್ಲ ಉದ್ಯಮಗಳಿಗೂ ಒಂದೇ ವೇದಿಕೆ ಎಂದು ಇಲ್ಲಿ ಹೊರಟಿತು.

ಐದು ಎಂಜಿನ್‌ಗಳಿಗೆ ಪುರಾವೆ ಬೇಕಾಗಿತ್ತು, ಇಡೀ ಉದ್ಯಮದ ಖರೀದಿಗೆ ಅದೇ ಬಗೆಯ ಪುರಾವೆ ಬೇಕಾಗಲಿಲ್ಲ. ದೊಡ್ಡ ಖರೀದಿಯನ್ನು ಸಣ್ಣ ಪ್ರಯೋಗಗಳಾಗಿ ಒಡೆಯಲು ಬರುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಕಂಪನಿಯನ್ನು ಕೊಳ್ಳುವುದೆಂದರೆ ಕೊಳ್ಳುವುದು, ಮೂರು ತಿಂಗಳ ಮಾದರಿ ಅದಕ್ಕಿಲ್ಲ. ಆದರೆ ಯಾವ ಊಹೆಯ ಮೇಲೆ ಈ ಲೆಕ್ಕ ನಿಂತಿದೆ, ಅದು ಸುಳ್ಳೆಂದು ಯಾವ ಸೂಚನೆಯಿಂದ ಗೊತ್ತಾಗುತ್ತದೆ, ಆ ಸೂಚನೆ ಕಂಡರೆ ಏನು ಮಾಡುತ್ತೇವೆ ಎಂಬ ಮೂರು ಪ್ರಶ್ನೆಗಳಿಗೆ ಗಾತ್ರದ ಮಿತಿಯಿಲ್ಲ. ಗ್ರೋತ್ ಬೋರ್ಡಿನ ಮುಂದೆ ಸಣ್ಣ ತಂಡಗಳು ಉತ್ತರಿಸುತ್ತಿದ್ದದ್ದು ಇವಕ್ಕೇ. ಜಿಇಯ ನಂತರದ ಕುಸಿತಕ್ಕೆ ಫಾಸ್ಟ್‌ವರ್ಕ್ಸ್ ಕಾರಣವಲ್ಲ, ಹಳೆಯ ವಿಮಾ ಹೊಣೆಗಾರಿಕೆಯಂತಹ ಬೇರೆ ಕಾರಣಗಳೂ ಇದ್ದವು. ಅದು ಕುಸಿತವನ್ನು ತಡೆಯಬೇಕಿತ್ತು ಎನ್ನುವುದೂ ಅತಿಯಾದ ನಿರೀಕ್ಷೆ. ಹಾಗೆಂದು, ರೆಫ್ರಿಜರೇಟರ್‌ನ ಎರಡು ಪಟ್ಟು ಮಾರಾಟವನ್ನು ತೋರಿಸಿ ಲೀನ್ ಪದ್ಧತಿ ಜಿಇಯನ್ನು ಬದಲಿಸಿತು ಎನ್ನುವವರ ಮಾತೂ ಅಷ್ಟೇ ಅತಿ.

ಮುಂದಾದದ್ದು

ಗೃಹೋಪಕರಣ ವಿಭಾಗ ಜಿಇಯಲ್ಲಿ ಉಳಿಯಲಿಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಅದನ್ನು ಸ್ವೀಡನ್ನಿನ ಎಲೆಕ್ಟ್ರೊಲಕ್ಸ್‌ಗೆ 330 ಕೋಟಿ ಡಾಲರಿಗೆ ಮಾರುವ ಒಪ್ಪಂದವಾಯಿತು. ಅಮೆರಿಕದ ನ್ಯಾಯ ಇಲಾಖೆ ಸ್ಪರ್ಧೆಗೆ ಧಕ್ಕೆಯಾಗುತ್ತದೆಂದು ದಾವೆ ಹೂಡಿದ್ದರಿಂದ 2015ರ ಡಿಸೆಂಬರ್‌ನಲ್ಲಿ ಅದು ಮುರಿದುಬಿತ್ತು. 2016ರ ಜನವರಿಯಲ್ಲಿ ಚೀನಾದ ಹೈಯರ್ 540 ಕೋಟಿ ಡಾಲರ್ ಕೊಟ್ಟು ಕೊಳ್ಳಲು ಒಪ್ಪಿತು. 2008ರಲ್ಲಿ ಕೊಳ್ಳುವವರೇ ಇಲ್ಲದ ವಿಭಾಗಕ್ಕೆ ಎಂಟು ವರ್ಷಗಳಲ್ಲಿ ಬಂದ ಈ ಬೆಲೆಯಲ್ಲಿ 100 ಕೋಟಿ ಡಾಲರ್ ಹೂಡಿಕೆಯ ಪಾಲೆಷ್ಟು, ಹೊಸ ಕ್ರಮದ ಪಾಲೆಷ್ಟು, ಅಮೆರಿಕದ ಮನೆಕಟ್ಟುವ ಉದ್ಯಮ ಚೇತರಿಸಿಕೊಂಡದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ.

ಇಮ್ಮೆಲ್ಟ್ 2017ರ ಆಗಸ್ಟ್‌ನಲ್ಲಿ ಹುದ್ದೆಯಿಂದ ಇಳಿದರು, ಅದೇ ವರ್ಷದ ಕೊನೆಗೆ ಕಾಮ್‌ಸ್ಟಾಕ್ ಕೂಡ ಕಂಪನಿ ಬಿಟ್ಟರು. ಕಾರ್ಯಕ್ರಮದ ಬೆನ್ನಿಗಿದ್ದ ಇಬ್ಬರೂ ಹೋದ ಮೇಲೆ ಫಾಸ್ಟ್‌ವರ್ಕ್ಸ್ ಹೆಸರು ಸುದ್ದಿಯಿಂದ ಮರೆಯಾಯಿತು. 2018ರ ಅಕ್ಟೋಬರ್‌ನಲ್ಲಿ ಹೊರಗಿನಿಂದ ಬಂದ ಮೊದಲ ಮುಖ್ಯಸ್ಥ ಲ್ಯಾರಿ ಕಲ್ಪ್, ಟೊಯೋಟಾ ಮಾದರಿಯ ಕಾರ್ಖಾನೆ ಶಿಸ್ತಿಗೆ ಒತ್ತು ಕೊಟ್ಟು ಸಾಲ ತೀರಿಸುವ ಕೆಲಸಕ್ಕೆ ಇಳಿದರು. 2024ರ ಏಪ್ರಿಲ್ ಹೊತ್ತಿಗೆ ಜಿಇ ಮೂರು ಪ್ರತ್ಯೇಕ ಕಂಪನಿಗಳಾಗಿ ಒಡೆದಿತ್ತು.

ಲೂಯಿವಿಲ್‌ನಲ್ಲಿ ಕೆಲಸ ಬೇರೆ ಮಾಲೀಕತ್ವದಡಿ ಮುಂದುವರಿಯಿತು. ವಿಭಾಗದ ತಂತ್ರಜ್ಞಾನ ಮುಖ್ಯಸ್ಥರಾಗಿ ಫಸ್ಟ್‌ಬಿಲ್ಡ್ ಸ್ಥಾಪನೆಯಲ್ಲಿ ಪಾತ್ರ ವಹಿಸಿದ್ದ ಕೆವಿನ್ ನೋಲನ್ 2017ರಲ್ಲಿ ಜಿಇ ಅಪ್ಲಯನ್ಸಸ್‌ನ ಮುಖ್ಯಸ್ಥರಾದರು. ಹೈಯರ್‌ನಲ್ಲಿ ಮೊದಲಿನಿಂದ ಇದ್ದ ಕ್ರಮವನ್ನು ಅನುಸರಿಸಿ, ಅವರು ಕಂಪನಿಯನ್ನು ಉತ್ಪನ್ನದ ಬಗೆಗೊಂದರಂತೆ, ತನ್ನದೇ ಲಾಭ ನಷ್ಟದ ಲೆಕ್ಕ ಇಟ್ಟುಕೊಳ್ಳುವ ಸಣ್ಣ ಉದ್ದಿಮೆಗಳಾಗಿ ಮರುರಚಿಸಿದರು. ಯಾವ ಉತ್ಪನ್ನಕ್ಕೆ ಕೈಹಾಕಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಧಾರದ ಬಹುಪಾಲು ಆ ಘಟಕಗಳಿಗೇ ಬಂತು.